ಚಿಲುಮೆಗೆ ಕಡ್ಡಿ ಹೋಗಬೇಕೆ, ಬೇಡವೆ?

ಚಿಕ್ಕನಾಯಕನಹಳ್ಳಿ: ಹೊಗೆಸೊಪ್ಪು ಸೇದುವ ಪೈಪಿನ ಬಾಯಿಂದ ಕಡ್ಡಿ ತೂರಿಸಿದರೆ ಅದು ಸೊಪ್ಪು ತುಂಬುವ ಬಟ್ಟಲಿನ ತನಕ ತಡೆಯಿಲ್ಲದೆ ಹೋಗಬೇಕೆ? ಹೋಗದಿದ್ದರೆ ಅದು ಕೆಟ್ಟ ಮಾಲೆ? ಬೀಡಿ ಸೇದಿ ತುಂಡು ಬಿಸಾಕುವವರಿಗೆ ಈ ತಕರಾರೇ ಇಲ್ಲ. ಆದರೆ ಪೈಪು ಸೇದುವ ಮಂದಿಯಲ್ಲಿ ಇದು ಮುಗಿಯದ ವ್ಯಾಜ್ಯ. "ಕಡ್ಡಿ ಹೋಗದ ಪೈಪನ್ನು ಕೊಳ್ಳಲೇಬಾರದು" ಎಂದು ಒಂದು ಪಂಗಡ. "ಹೊಗೆ ಸಲೀಸಾಗಿ ಬಂದರೆ ಸಾಕು, ಕಡ್ಡಿ ಕಟ್ಟಿಕೊಂಡು ಏನಾಗಬೇಕು?" ಎಂದು ಇನ್ನೊಂದು ಪಂಗಡ.

ಸೂಟುಬೂಟಿನವರ ಈ ಜಗಳ ತೆಂಗಿನ ಸೀಮೆಗೆ ಯಾಕೆ ಅಂತೀರಾ? ಹೊಗೆ ಸೇದುವ ಸಾಮಾನಿಗೂ ನಮ್ಮ ಕರಟಕ್ಕೂ ಹಳೇ ನಂಟಿದೆ. ಅದಕ್ಕಿಂತ ಮುಖ್ಯವಾಗಿ, ಆ ಕಡ್ಡಿಗೆ ಅಂಟಿಕೊಂಡು ಹೊರಬರುವ ಕಪ್ಪು ಜಿಡ್ಡು ಬೀಡಿ, ಸಿಗರೇಟು, ಪೈಪು ಎನ್ನದೆ ಸೇದುವವರೆಲ್ಲ ಒಮ್ಮೆ ಕಣ್ಣಾರೆ ನೋಡಬೇಕಾದ ವಸ್ತು.

ಕರಟದ ನಂಟು

ಸಂಸ್ಕೃತದ ನಾರಿಕೇಳ ಪಾರ್ಸಿಯವರ ಬಾಯಲ್ಲಿ ನಾರ್ಗೀಲ್ ಆಯಿತು. ತುರ್ಕಿ, ಸಿರಿಯಾ, ಲೆಬನಾನ್ ಕಡೆ ನೀರಿನ ಹುಕ್ಕಕ್ಕೆ ಇವತ್ತಿಗೂ ನಾರ್ಗಿಲೆ ಎಂದೇ ಹೆಸರು. ಹಿಂದೆ ಹುಕ್ಕದ ನೀರಿನ ಬುರುಡೆ ತೆಂಗಿನ ಚಿಪ್ಪೇ ಆಗಿತ್ತು, ಅದರಿಂದ ಬಂದ ಹೆಸರು. ನಮ್ಮಲ್ಲಿ ಅದಕ್ಕೆ ನೀರಿನ ಸದ್ದಿನ ಮೇಲೆ ಗುಡುಗುಡಿ ಎಂದರು. ಶ್ರೀಮಂತರಿಗೆ ಕರಟ ಸಾಲದಾದಾಗ ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಹುಕ್ಕದ ಬುಡ ಮಾಡಿಕೊಟ್ಟರು. ಹಳೆಯ ಬಿದರಿ ಬುಡಗಳು ಥೇಟ್ ತೆಂಗಿನಕಾಯಿಯಂತೆ ಗುಂಡಗಿವೆ. ಗಂಟೆಯಾಕಾರದವು ಆಮೇಲೆ ಬಂದವು.

ಮೊಗಲರ ಆಸ್ಥಾನಕ್ಕೆ ಹೊಗೆಸೊಪ್ಪು ಹೋದ ಕತೆಯಲ್ಲೂ ಕರ್ನಾಟಕವಿದೆ. 1604ರ ಸುಮಾರಿಗೆ ಅಸದ್ ಬೇಗ್ ಎಂಬ ಅಧಿಕಾರಿ ರಾಯಭಾರಕ್ಕೆಂದು ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದಿದ್ದ. ಅಲ್ಲಿ ಕಂಡ ಹೊಸ ಸೊಪ್ಪನ್ನು ಕೊಂಡು, ರತ್ನ ಕೂರಿಸಿದ ಕೊಳವೆಯೊಂದನ್ನು ಮಾಡಿಸಿ ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮ ಬೇಡವೆಂದು ತಡೆದ. ಅಕ್ಬರ್ ರೂಢಿ ಮಾಡಿಕೊಳ್ಳಲಿಲ್ಲ, ಆದರೆ ದರ್ಬಾರಿನವರು ಬಿಡಲಿಲ್ಲ. ಚಟ ಎಷ್ಟು ಬೇಗ ಹಬ್ಬಿತೆಂದರೆ ಮಗ ಜಹಾಂಗೀರ್ 1617ರಲ್ಲಿ ಧೂಮಪಾನ ನಿಷೇಧದ ಆಜ್ಞೆ ಹೊರಡಿಸಬೇಕಾಯಿತು. ಆಜ್ಞೆಯಿಂದ ಚಟ ನಿಲ್ಲಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ಕೊಳವೆ, ಮೂರು ದಾರಿ

ಈಗ ಕಡ್ಡಿಯ ವಿಚಾರ. ಮೊದಲು ಹಳ್ಳಿಯ ಚಿಲುಮೆ. ದೇವರಾಯನದುರ್ಗದ ನಾಮದ ಚಿಲುಮೆಯಲ್ಲಿ ನೀರು ಬರುತ್ತೆ, ಈ ಚಿಲುಮೆಯಲ್ಲಿ ಹೊಗೆ ಬರುತ್ತೆ, ಅಷ್ಟೇ ವ್ಯತ್ಯಾಸ. ಸುಟ್ಟ ಮಣ್ಣಿನದು. ಮೇಲೆ ಅಗಲ, ಕೆಳಗೆ ಕಿರಿದು, ನಡುವೆ ನೇರ ತೂತು. ಕೆಂಡ ಬಾಯಿಗೆ ಬರದಂತೆ ಒಳಗೊಂದು ಹರಳು. ಹರಳು ತೆಗೆದು ಆಕಡೆಯಿಂದ ಈಕಡೆಗೆ ಬಟ್ಟೆಯ ಪಟ್ಟಿ ತೂರಿಸಿ ಎಳೆದರೆ ಚೊಕ್ಕಟ. ಪೊರಕೆಯಿಂದ ತೆಂಗಿನ ಗರಿಯ ಕಡ್ಡಿಯೊಂದನ್ನು ಕಿತ್ತು ಆಡಿಸಿದರೂ ಆಯಿತು. ಚಿಲುಮೆ ಸೇದಿ ಬಲ್ಲ ಅಜ್ಜಂದಿರ ಮುಂದೆ ಈ ಪ್ರಶ್ನೆ ಇಟ್ಟರೆ, "ಕಡ್ಡಿ ಹೋಗ್ದಿದ್ರೆ ಅದೆಂಥ ಚಿಲುಮೆ ಕಣ್ಲಾ ಮಗಾ!" ಅಂದಾರು.

ಎರಡನೆಯದು ಗುಡುಗುಡಿ. ಚಿಪ್ಪಿನ ಕಣ್ಣು ಕೊರೆದು ನೆಟ್ಟಗೆ ಒಂದು ಕೊಳವೆ ಇಳಿಸುತ್ತಾರೆ. ಅದರ ತಲೆಯ ಮೇಲೆ ಚಿಲುಮೆ, ಬುಡ ನೀರಿನೊಳಗೆ. ಬಾಯಿಟ್ಟು ಎಳೆಯಲು ಪಕ್ಕದಲ್ಲಿ ಇನ್ನೊಂದು ತೂತು. ಕೊಳವೆಗೆ ಕಡ್ಡಿ ಹೋಗುತ್ತದೆ. ಬುರುಡೆಯ ಒಳಮೈಗೆ ಕಡ್ಡಿ ಎಟುಕದು. ಅಲ್ಲಿ ನೀರು ಹಾಕಿ, ಕುಲುಕಿ, ಚೆಲ್ಲಬೇಕು. ನೀರು ಬದಲಾಯಿಸದೆ ಬಿಟ್ಟರೆ ಮಾರನೇ ದಿನ ಮೂಗು ಮುಚ್ಚಿಕೊಳ್ಳಬೇಕು.

ಮೂರನೆಯದು ಮರದ ಪೈಪು. ನೇರ ಪೈಪಾದರೆ ತೊಂದರೆಯಿಲ್ಲ. ಕಷ್ಟವೆಲ್ಲ ಬಾಗಿದ ಪೈಪಿನದು. ಮರದ ಭಾಗಕ್ಕೂ ಬಾಯಲ್ಲಿಡುವ ಭಾಗಕ್ಕೂ ಬೇರೆ ಬೇರೆಯಾಗಿ ತೂತು ಕೊರೆಯುತ್ತಾರೆ. ಎರಡನ್ನೂ ಜೋಡಿಸಿದಾಗ ತೂತಿಗೆ ತೂತು ಸರಿಯಾಗಿ ಕೂರಬೇಕು. ಒಂದು ಮೇಲೆ, ಇನ್ನೊಂದು ಕೆಳಗೆ ಆಯಿತೋ, ಕಡ್ಡಿ ಬೆಸುಗೆಯ ಹತ್ತಿರ ಗೋಡೆಗೆ ಮುಟ್ಟಿ ನಿಲ್ಲುತ್ತದೆ. ಹೊಗೆ ಹೇಗೋ ನುಸುಳಿ ಬರುತ್ತೆ, ಕಡ್ಡಿ ಬಾರದು.

ಪೈಪಿಗೆಂದೇ ಪೇಟೆಯಲ್ಲಿ ಸಿಗುವ ಕಡ್ಡಿ ಬೇರೆ. ತೆಳುವಾದ ತಂತಿಯನ್ನು ಹುರಿ ಮಾಡಿ, ನಡುವೆ ಹತ್ತಿಯ ಎಳೆ ಹಿಡಿಸಿರುತ್ತಾರೆ. ಅದು ಬಾಗುತ್ತದೆ, ತೇವವನ್ನೂ ಹೀರುತ್ತದೆ.

ವಾದ, ಪ್ರತಿವಾದ

ಕಡ್ಡಿ ಹೋಗಲೇಬೇಕು ಎನ್ನುವವರ ವಾದ ಸರಳ. ಸೊಪ್ಪಿನಲ್ಲಿ ತೇವ ಇರುತ್ತದೆ. ಉರಿಯುವಾಗಲೂ ಹಬೆ ಏಳುತ್ತದೆ. ಅದು ತಣ್ಣಗಿನ ಕೊಳವೆಯಲ್ಲಿ ನೀರಾಗಿ, ಹೊಗೆಯ ಜಿಡ್ಡಿನ ಜೊತೆ ಸೇರಿ ಕೂರುತ್ತದೆ. ಪೈಪು ಗೊರಗೊರ ಅನ್ನುತ್ತದೆ, ಕಹಿ ರಸ ನಾಲಿಗೆಗೆ ಬರುತ್ತದೆ. ಆಗ ಸೇದುತ್ತಿರುವಾಗಲೇ ಕಡ್ಡಿ ಇಳಿಸಿದರೆ ಹತ್ತಿ ಆ ರಸ ಹೀರಿಕೊಳ್ಳುತ್ತದೆ. ಕಡ್ಡಿ ಹೋಗದಿದ್ದರೆ ಪೈಪು ಬಿಚ್ಚಬೇಕು. ಬಿಸಿಯಾಗಿರುವಾಗ ತಿರುಚಿ ಬಿಚ್ಚಿದರೆ ಮರ ಸೀಳು ಬಿಡುವ ಭಯ.

ಎದುರು ಪಕ್ಷದ ಮಾತಿಗೂ ಆಧಾರ ಇದೆ. ಐರ್ಲೆಂಡಿನ ಪೀಟರ್ಸನ್ ಕಂಪನಿ 1890ರಲ್ಲಿ ಪೇಟೆಂಟ್ ಪಡೆದ ಒಂದು ಬಗೆಯ ಪೈಪಿನಲ್ಲಿ ಬಟ್ಟಲಿನ ತೂತಿನ ಕೆಳಗೆ ಸಣ್ಣದೊಂದು ಗುಂಡಿ ಇದೆ. ರಸವೆಲ್ಲ ಅದಕ್ಕೆ ಇಳಿಯಲಿ, ಬಾಯಿಗೆ ಬಾರದಿರಲಿ ಎಂದು ಬೇಕೆಂದೇ ಮಾಡಿದ್ದು. ಅಂಥ ಪೈಪಿನಲ್ಲಿ ಕಡ್ಡಿ ಅನೇಕ ವೇಳೆ ಗುಂಡಿಗೇ ಇಳಿದು ನಿಲ್ಲುತ್ತದೆ, ಬಟ್ಟಲು ಮುಟ್ಟುವುದಿಲ್ಲ. ಅದು ಕೆಲಸಗಾರನ ತಪ್ಪಲ್ಲ, ಪೈಪಿನ ಲೆಕ್ಕಾಚಾರವೇ ಹಾಗೆ. ಆರಿದ ಮೇಲೆ ಬಿಚ್ಚಿ ಗುಂಡಿ ಒರೆಸಿಕೊಂಡರಾಯಿತು.

ಪಂಪ್ ಸ್ಟವ್ ಹಚ್ಚಿದ ಕಾಲದವರಿಗೆ ಈ ವ್ಯಾಜ್ಯದ ತೀರ್ಪು ಗೊತ್ತೇ ಇದೆ. ಬರ್ನರ್ ಕಟ್ಟಿಕೊಂಡರೆ ಪಿನ್ನು ಆಡಿಸಬೇಕು. ಪಿನ್ನು ಹೋಗದ ಸ್ಟವ್‌ನ ಎಷ್ಟು ಪಂಪ್ ಮಾಡಿದರೇನು? ಬಚ್ಚಲ ಮೋರಿಯೂ ಅಷ್ಟೇ, ಕೋಲು ಎಟುಕದ ಮೂಲೆಯಲ್ಲೇ ಕೊಳೆ ಕೂರುವುದು. ಪೈಪಿಗೂ ಅದೇ ನ್ಯಾಯ. ಕಡ್ಡಿ ಈ ತುದಿಯಿಂದ ಆ ತುದಿಗೆ ಹೋಗಬೇಕು. ಇಲ್ಲವೇ ಪ್ರತಿ ಭಾಗವನ್ನೂ ಬಿಚ್ಚಿ ಒಳಗೆಲ್ಲ ಕೈಯಾಡಿಸುವಂತಿರಬೇಕು. ಎರಡೂ ಆಗದ ಕೊಳವೆಯನ್ನು ಎಷ್ಟೇ ಅಂದವಾಗಿದ್ದರೂ ಬಾಯಿಗಿಡಬಾರದು.

ಕಡ್ಡಿ ಹೇಳುವ ಕತೆ

ಅಷ್ಟಕ್ಕೇ ವಿಚಾರ ಮುಗಿಯಲಿಲ್ಲ. ಒಮ್ಮೆ ಸೇದಿದ ಪೈಪಿಗೆ ಬಿಳೀ ಕಡ್ಡಿ ತೂರಿಸಿ ತೆಗೆದು ನೋಡಿ. ಕಂದು, ಕಪ್ಪು, ಅಂಟಂಟು, ಗಬ್ಬು ವಾಸನೆ. ಬೆರಳಿಗೆ ತಾಗಿದರೆ ಸೋಪು ಹಾಕಿ ತೊಳೆಯಬೇಕು. ಕೊಳವೆಯ ಗೋಡೆ ಹಿಡಿದಿಟ್ಟದ್ದು ಇಷ್ಟು. ಹಿಡಿಯದೆ ಬಿಟ್ಟದ್ದು ಎಲ್ಲಿಗೆ ಹೋಯಿತು? ಸೇದಿದವರ ಬಾಯಿಗೆ, ಗಂಟಲಿಗೆ, ಎದೆಗೆ. ಪೈಪಿಗೆ ಕಡ್ಡಿ ಹೋಗುತ್ತದೆ ಸ್ವಾಮಿ, ಶ್ವಾಸಕೋಶಕ್ಕೆ ಯಾವ ಕಡ್ಡಿ?

"ನಾವು ಹೊಗೆ ನುಂಗೋಲ್ಲ, ಬಾಯಲ್ಲೇ ಆಡಿಸಿ ಬಿಡ್ತೀವಿ" ಎಂದು ಪೈಪಿನವರು ಹೇಳುವುದುಂಟು. ಬಾಯಲ್ಲೇ ಆಡಿಸಿದರೆ ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ದಾರಿ. ನುಂಗಿದರೆ ಶ್ವಾಸಕೋಶಕ್ಕೆ. ಪೈಪಿನ ಹೊಗೆಗೆ ರಿಯಾಯಿತಿ ಏನೂ ಇಲ್ಲ.

ಇನ್ನು ಫಿಲ್ಟರ್. ಕೆಲವು ಪೈಪಿನೊಳಗೆ ಇದ್ದಿಲು ತುಂಬಿದ ಫಿಲ್ಟರ್ ಇಡುತ್ತಾರೆ. ಅದಿರುವ ತನಕ ಕಡ್ಡಿ ಹೋಗದು, ತೆಗೆದೇ ಚೊಕ್ಕಟ ಮಾಡಬೇಕು. ಆ ಇದ್ದಿಲು ಬಹುಪಾಲು ತೆಂಗಿನ ಕರಟದ್ದು. ಉಂಡೆ ಕೊಬ್ಬರಿ ಒಡೆದ ಮೇಲೆ ಉಳಿಯುವ ಕರಟವನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲನ್ನು ಮತ್ತೆ ಹಬೆಯಲ್ಲಿ ಕಾಯಿಸಿ ಹದಗೊಳಿಸಿದರೆ ಅದು ಕೆಲವು ವಿಷಗಳನ್ನು ಹೀರುತ್ತದೆ. ನೀರು ಶುದ್ಧಿಗೂ ಅದನ್ನು ಬಳಸುತ್ತಾರೆ. ಆದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಕರಟದ ಇದ್ದಿಲು ಹಿಡಿಯಲಾರದು.

ಹುಕ್ಕದ ನೀರಿನ ಕತೆಯೂ ಅದೇ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಹೇಳಿತು. ಒಂದು ಸಲ ಕೂತು ಹುಕ್ಕ ಎಳೆದವರು ನೂರು ಸಿಗರೇಟಿನಷ್ಟು ಹೊಗೆ ಒಳಗೆ ತೆಗೆದುಕೊಳ್ಳಬಹುದೆಂಬ ಎಚ್ಚರಿಕೆಯೂ ಅದರಲ್ಲಿತ್ತು. ಮೇಲಾಗಿ ಹುಕ್ಕದ ಉದ್ದನೆಯ ನಳಿಕೆಗೆ ಕಡ್ಡಿ ಆಡಿಸುವುದು ಸುಲಭವಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದರೆ ರೋಗವೂ ಜೊತೆಗೆ ಹೋಗುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ಬಾರುಗಳನ್ನು ರಾಜ್ಯವಿಡೀ ನಿಷೇಧಿಸಿತು.

ಅಂಗಡಿಯವರ ಗಮನಕ್ಕೆ

ಬಸ್ಸಿನಲ್ಲಿ ಬೀಡಿ ಹಚ್ಚಿದವರಿಗೆ "ಆರ್ಸ್ರೀ, ಆರ್ಸ್ರೀ" ಎಂದು ಕಂಡಕ್ಟರು ಗದರಬೇಕಿದ್ದ ಕಾಲ ಹೋಯಿತು. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶವಿಡೀ ಬಿಗಿಯಾಯಿತು. ರಾಜ್ಯ 2024ರಲ್ಲಿ ಮಾಡಿದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದರಂತೆ ಸಾರ್ವಜನಿಕವಾಗಿ ಸೇದಿದರೆ ದಂಡ 200 ರೂಪಾಯಿಂದ 1,000ಕ್ಕೆ ಏರಿದೆ. 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಹುಕ್ಕಾ ಬಾರು ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷ ರೂಪಾಯಿ ತನಕ ದಂಡ. ಪೆಟ್ಟಿಗೆ ಅಂಗಡಿಯವರು ಹುಡುಗರ ಮುಖ ನೋಡಿ, ವಯಸ್ಸು ಕೇಳಿ ವ್ಯಾಪಾರ ಮಾಡುವುದು ಒಳ್ಳೆಯದು.

ಅಜ್ಜನ ಕಾಲದ ಪೈಪೋ ಚಿಲುಮೆಯೋ ಮನೆಯ ಅಟ್ಟದ ಮೇಲಿದ್ದರೆ ಕಡ್ಡಿ ಹಾಕಿ ಚೊಕ್ಕಟ ಮಾಡಿ, ನೆನಪಿಗೆ ಗೂಡಿನಲ್ಲಿಡಿ. ಬಿಡಬೇಕೆಂಬ ಮನಸ್ಸಿದ್ದವರಿಗೆ 1800-11-2356 ಎಂಬ ಸರ್ಕಾರದ ಉಚಿತ ದೂರವಾಣಿ ಇದೆ. ಕರೆ ಮಾಡಿದರೆ ಚಟ ಬಿಡುವ ದಾರಿ ಹೇಳಿಕೊಡುತ್ತಾರೆ. ಕರಟ ಸುಟ್ಟು ಇದ್ದಿಲಾದರೆ ಕೊಳ್ಳುವವರಿದ್ದಾರೆ. ಎದೆ ಸುಟ್ಟು ಇದ್ದಿಲಾದರೆ ಯಾವ ಮಂಡಿಯಲ್ಲೂ ಕೇಳುವವರಿಲ್ಲ.