ಹೇರೆತ್ತಿನಿಂದ ಗುಳೆಯವರೆಗೆ

ಗಾಲಿ, ಇಳಿಜಾರು, ಘರ್ಷಣೆ ಮೊದಲಾದವು ಪರೀಕ್ಷೆಗಾಗಿ ಓದಬೇಕಾದ ವಿಷಯಗಳೆಂದು ವಿದ್ಯಾರ್ಥಿಗಳಿಗೆ ತೋರುವುದು ಸಹಜ. ಆದರೆ ಗಾಲಿಯ ಘರ್ಷಣೆಯು ತಗ್ಗಿದ ಕಾರಣದಿಂದ ಒಂದು ಜನಾಂಗದ ಶತಮಾನಗಳ ಜೀವನೋಪಾಯವೇ ಅಳಿದುಹೋದ ಉದಾಹರಣೆಯು ನಮ್ಮ ನಾಡಿನಲ್ಲಿಯೇ ಇದೆ. ಆ ಜನಾಂಗವೇ ಲಂಬಾಣಿಗರದು. ಬಂಜಾರ, ಲಮಾಣಿ, ಸುಗಾಲಿ ಎಂಬ ಹೆಸರುಗಳೂ ಅವರಿಗುಂಟು.

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಈ ಸೀಮೆಯಲ್ಲಿ ಸಂಚರಿಸುವವರಿಗೆ ಊರಿನಿಂದ ತುಸು ದೂರದಲ್ಲಿ, ಗುಡ್ಡದ ಮಗ್ಗುಲಿನಲ್ಲಿ ಅಥವಾ ಅಡವಿಯ ಅಂಚಿನಲ್ಲಿ, ಲಂಬಾಣಿಗರ ತಾಂಡಾಗಳು ಕಾಣಸಿಗುತ್ತವೆ. ದೀಪಾವಳಿಯಲ್ಲಿ ತುಂಬಿ ತುಳುಕುವ ಇಂತಹ ಅನೇಕ ತಾಂಡಾಗಳಲ್ಲಿ, ಹಬ್ಬ ಕಳೆದ ಕೆಲವೇ ವಾರಗಳಲ್ಲಿ ಮನೆಮನೆಗೂ ಬೀಗ ಬಿದ್ದು, ಮುದುಕರು ಮಾತ್ರ ಉಳಿಯುತ್ತಾರೆ. ಇವರು ಇಲ್ಲಿಗೆ ಬಂದುದೇಕೆ? ಬಂದು ನೆಲೆಸಿದ ಮೇಲೂ ವರ್ಷವರ್ಷವೂ ಗುಳೆ ಹೋಗುವುದೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಕ್ರಮವಾಗಿ ಅರಸೋಣ.

ಲದೇಣಿಯ ಕಾಲ

ಲಂಬಾಣಿಗರ ಮಾತು ರಾಜಸ್ಥಾನಿ ಭಾಷೆಗಳಿಗೆ ಹತ್ತಿರದ್ದು. ಇದರಿಂದ ಅವರ ಪೂರ್ವಿಕರು ಉತ್ತರ ಭಾರತದವರೆಂಬುದು ಸ್ಪಷ್ಟವಾಗುತ್ತದೆ. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸುವುದು ಅವರ ಕುಲಕಸುಬಾಗಿತ್ತು. ಅದನ್ನು ಅವರು ‘ಲದೇಣಿ’ ಎಂದು ಕರೆಯುತ್ತಾರೆ. ಕರಾವಳಿಯಿಂದ ಉಪ್ಪನ್ನು ಒಳನಾಡಿಗೆ ತರುವುದು, ಒಳನಾಡಿನ ಧಾನ್ಯವನ್ನು ಮತ್ತೊಂದೆಡೆಗೆ ಒಯ್ಯುವುದು, ಹೀಗೆ ಸಾವಿರಾರು ಎತ್ತುಗಳ ಸಾಲು ದೇಶದ ಉದ್ದಗಲಕ್ಕೂ ಚಲಿಸುತ್ತಿತ್ತು. 17ನೆಯ ಶತಮಾನದಲ್ಲಿ ಮೊಗಲರ ಸೇನೆ ದಖ್ಖನಿಗೆ ಇಳಿದಾಗ ಅದಕ್ಕೆ ಧಾನ್ಯ ಒದಗಿಸುತ್ತ ಈ ಜನರೂ ದಕ್ಷಿಣಕ್ಕೆ ಬಂದರು. 1791–92ರಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದುದರಲ್ಲಿಯೂ ಬಂಜಾರರ ಹೇರೆತ್ತುಗಳ ಪಾಲು ದೊಡ್ಡದು.

ಚಲಿಸುವ ಈ ಸಮೂಹಕ್ಕೆ ತನ್ನದೇ ಆದ ವ್ಯವಸ್ಥೆ ಇತ್ತು. ತಾಂಡಾಕ್ಕೊಬ್ಬ ನಾಯಕ, ಅವನಿಗೆ ಸಹಾಯಕನಾಗಿ ಕಾರಭಾರಿ, ಹಿರಿಯರ ನ್ಯಾಯಪಂಚಾಯತಿಯಾದ ‘ನಸಾಬ’. ತಾಂಡಾ ಎಂಬ ಮಾತು ಮೊದಲು ಸೂಚಿಸುತ್ತಿದ್ದುದು ಊರನ್ನಲ್ಲ, ಸಾಗುವ ಗುಂಪನ್ನು. ಗುಂಪು ನಿಂತಲ್ಲಿ ನಿಂತಾಗ ಅದೇ ಹೆಸರು ನೆಲೆಗೂ ಅಂಟಿಕೊಂಡಿತು.

ಘರ್ಷಣೆಯ ಲೆಕ್ಕ

ಹಾಗಾದರೆ ಸಾಗುತ್ತಿದ್ದ ಗುಂಪು ನಿಂತುದೇಕೆ? ಇಲ್ಲಿ ಭೌತಶಾಸ್ತ್ರದ ಒಂದು ಸರಳ ಲೆಕ್ಕವು ನಮಗೆ ನೆರವಾಗುತ್ತದೆ.

ಹೇರೆತ್ತಿನ ಬೆನ್ನಿನ ಮೇಲೆ ಹೊರಿಸಬಹುದಾದ ಭಾರವು ಸುಮಾರು 100 ಕಿಲೋಗ್ರಾಂ ಎನ್ನೋಣ. ಅದೇ ಎತ್ತು ಭಾರವನ್ನು ಹೊರುವ ಬದಲು ಎಳೆದರೆ ಏನಾಗುವುದು? ದಿನವಿಡೀ ದುಡಿಯುವ ಎತ್ತು ತನ್ನ ತೂಕದ ಹತ್ತನೆಯ ಒಂದಂಶದಷ್ಟು ಬಲದಿಂದ ಎಳೆಯಬಲ್ಲದು. 300 ಕಿಲೋಗ್ರಾಂ ತೂಗುವ ಎತ್ತಿಗೆ ಇದು ಸುಮಾರು 300 ನ್ಯೂಟನ್. ಸಮತಟ್ಟಾದ ಮಣ್ಣಿನ ದಾರಿಯಲ್ಲಿ ಗಾಡಿಯನ್ನು ಎಳೆಯಲು ಅದರ ಒಟ್ಟು ತೂಕದ ಇಪ್ಪತ್ತನೆಯ ಒಂದಂಶದಷ್ಟು ಬಲ ಬೇಕೆಂದು ಇಟ್ಟುಕೊಂಡರೆ, ಆ ಎತ್ತು ಗಾಡಿಯನ್ನೂ ಸೇರಿಸಿ 600 ಕಿಲೋಗ್ರಾಂ ಎಳೆಯುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗಲಾದರೋ ಬೇಕಾಗುವ ಬಲವು ತೂಕದ ಐನೂರನೆಯ ಒಂದಂಶ ಮಾತ್ರ. ಅರ್ಥಾತ್ ಒಂದು ಟನ್ನಿಗೆ ಸುಮಾರು 20 ನ್ಯೂಟನ್. ಅಂದಮೇಲೆ ಅದೇ ಎತ್ತು ಹಳಿಯ ಮೇಲೆ 15 ಟನ್ ಭಾರವನ್ನು ಎಳೆದೀತು. ಬೆನ್ನಿನ ಮೇಲಾದರೆ ಇದು 150 ಎತ್ತುಗಳ ಹೊರೆ! ಇನ್ನು ಎತ್ತಿನ ಸ್ಥಾನದಲ್ಲಿ ಉಗಿಯಂತ್ರವು ಬಂದರೆ ಸ್ಪರ್ಧೆಯ ಮಾತೇ ಉಳಿಯುವುದಿಲ್ಲ.

ಇಷ್ಟು ಅಂತರವಿದ್ದರೂ ಹೇರೆತ್ತು ಶತಮಾನಗಳ ಕಾಲ ಗೆದ್ದುದೇಕೆ ಎಂದು ಚುರುಕು ವಿದ್ಯಾರ್ಥಿಯೊಬ್ಬನು ಕೇಳಬಹುದು. ಗಾಡಿಗೆ ದಾರಿ ಬೇಕು, ರೈಲಿಗೆ ಹಳಿ ಬೇಕು; ಹೇರೆತ್ತಿಗೆ ಎರಡೂ ಬೇಡ. ಕಣಿವೆ, ಹಳ್ಳ, ಘಟ್ಟಗಳನ್ನು ಅದು ತನ್ನ ಕಾಲಿನಿಂದಲೇ ದಾಟುತ್ತದೆ. ದಾರಿಯ ಹುಲ್ಲೇ ಅದರ ಇಂಧನ; ಆ ಇಂಧನಕ್ಕೆ ಬೆಲೆ ಇರಲಿಲ್ಲ. ದಾರಿಗಳಿಲ್ಲದ ದೇಶದಲ್ಲಿ ಲಂಬಾಣಿಗರ ವಿದ್ಯೆಗೆ ಸಾಟಿ ಇರಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಆದರೆ 19ನೆಯ ಶತಮಾನದಲ್ಲಿ ದಾರಿಗಳೂ ಹಳಿಗಳೂ ಬಂದವು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆಯ ಮೂಲಕ ಗದಗಿಗೆ ರೈಲುಮಾರ್ಗವಾಯಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೂ ಒಂದು ಕವಲು ಬಂದಿತು. ಮದರಾಸು ಪ್ರಾಂತದಲ್ಲಿ ಉಪ್ಪಿನ ವ್ಯಾಪಾರವನ್ನು 1805ರಷ್ಟು ಹಿಂದೆಯೇ ಕಂಪನಿ ಸರಕಾರವು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತ್ತು. ಸಾಗಿಸುವ ಸರಕೂ ಕೈತಪ್ಪಿತು, ಸಾಗಿಸುವ ಕೆಲಸವೂ ಕೈತಪ್ಪಿತು. ಇದರ ನಡುವೆ 1876–78ರ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತು.

ಕಾನೂನಿನ ಕಣ್ಣಿನಲ್ಲಿ

ಕೆಲಸವಿದ್ದಾಗ ‘ಸಂಚಾರಿ ವರ್ತಕ’ನೆನಿಸಿಕೊಂಡವನು ಕೆಲಸ ತಪ್ಪಿದೊಡನೆ ‘ಗೊತ್ತುಗುರಿಯಿಲ್ಲದ ಅಲೆಮಾರಿ’ ಎನಿಸಿಕೊಂಡನು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟಿನಿಂದಲೇ ಮನುಷ್ಯನನ್ನು ಅಪರಾಧಿಯೆಂದು ಎಣಿಸುವ ವಿಚಿತ್ರ ನ್ಯಾಯವನ್ನು ತಂದಿತು. 1911ರಲ್ಲಿ ಇದು ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಕೆಲವು ಪ್ರದೇಶಗಳಲ್ಲಿ ಲಂಬಾಣಿಗರೂ ಇದರ ಬಲೆಗೆ ಸಿಕ್ಕರು. ಸ್ವತಂತ್ರ ಭಾರತವು 1952ರಲ್ಲಿ ಈ ಕಾಯಿದೆಯನ್ನು ರದ್ದುಗೊಳಿಸಿತು. ಕಾಯಿದೆಯು ಒಂದು ದಿನದಲ್ಲಿ ಹೋಯಿತು. ಅದು ಜನರ ಮನಸ್ಸಿನಲ್ಲಿ ಬಿತ್ತಿದ ಸಂಶಯವು ಅಷ್ಟು ಬೇಗನೆ ಹೋಗಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಒಂದೇ ಮಾತು, ಒಂದೇ ಆಚಾರದ ಈ ಜನರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯಿನುಡಿಯೆಂದು ಹೇಳಿದವರು ದೇಶದಲ್ಲಿ ಸುಮಾರು 32 ಲಕ್ಷ 76 ಸಾವಿರ. ಅವರೆಲ್ಲರನ್ನೂ ಲೆಕ್ಕದ ಪಟ್ಟಿಯಲ್ಲಿ ಸೇರಿಸಿದುದು ಹಿಂದಿಯ ಕೆಳಗೆ! ಲೆಕ್ಕದಲ್ಲಿ ಹೆಸರು ಎಲ್ಲಿ ಬರುತ್ತದೆ ಎಂಬುದು ಸಣ್ಣ ಸಂಗತಿಯೆಂದು ತೋರಬಹುದು. ಸವಲತ್ತು, ಶಾಲೆ, ಭೂಮಿ ಎಲ್ಲವೂ ಲೆಕ್ಕವನ್ನೇ ಹಿಂಬಾಲಿಸಿ ಬರುತ್ತವೆಂಬುದನ್ನು ಮರೆಯಬಾರದು.

ಗುಳೆಯ ಕಾರಣ

ಎತ್ತನ್ನು ಕಳೆದುಕೊಂಡ ಲಂಬಾಣಿಗರು ನೆಲವನ್ನು ಹಿಡಿದರು. ಆದರೆ ಒಳ್ಳೆಯ ನೆಲವು ಅದಾಗಲೇ ಊರಿನವರದಾಗಿತ್ತು. ತಡವಾಗಿ ನೆಲೆಸಿದವರ ಪಾಲಿಗೆ ಬಂದುದು ಹೆಚ್ಚಾಗಿ ಗುಡ್ಡದಂಚಿನ ಕಲ್ಲುಮಿಶ್ರಿತ ಕೆಂಪು ನೆಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆಯು 600 ಮಿಲಿಮೀಟರಿನ ಆಸುಪಾಸು. ಪಡುವಣ ಗಾಳಿಯು ಘಟ್ಟವನ್ನೇರುವಾಗ ತಣಿದು ತನ್ನ ನೀರನ್ನು ಮಲೆನಾಡಿನಲ್ಲಿಯೇ ಸುರಿಸಿ, ಈಚೆಗೆ ಇಳಿಯುವಾಗ ಬಿಸಿಯಾಗಿ ಒಣಗಿರುತ್ತದೆ. ಆದಕಾರಣ ಈ ಸೀಮೆಯು ಮಳೆಯ ನೆರಳಿನಲ್ಲಿದೆ. ಕೆಂಪು ಮಣ್ಣು ನೀರನ್ನು ಬಹುಕಾಲ ಹಿಡಿದಿಡದು. ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಇದ್ದರೂ, ಎತ್ತರದ ಹೊಲಗಳಿಗೆ ನೀರು ತಾನಾಗಿ ಏರಲಾರದಷ್ಟೆ! ಹೀಗಾಗಿ ಜೋಳ, ಮೆಕ್ಕೆಜೋಳ, ಶೇಂಗಾದಂತಹ ಒಂದು ಬೆಳೆ ಕೈಗೆ ಬಂದರೆ ಪುಣ್ಯ. ಆ ಬಳಿಕ ಮುಂದಿನ ಮಳೆಯವರೆಗೆ ಹೊಲದಲ್ಲಿ ಕೆಲಸವಿಲ್ಲ.

ಅದೇ ತಿಂಗಳುಗಳಲ್ಲಿ ಬೇರೆಡೆ ಕೆಲಸವು ಉಕ್ಕುತ್ತದೆ. ಚಿಕ್ಕಮಗಳೂರು, ಕೊಡಗುಗಳಲ್ಲಿ ನವೆಂಬರಿನಿಂದ ಕಾಫಿಯ ಹಣ್ಣು ಕೊಯ್ಲಿಗೆ ಬರುತ್ತದೆ. ಮಂಡ್ಯದಲ್ಲಿಯೂ ಬೆಳಗಾವಿ, ಬಾಗಲಕೋಟೆಗಳಲ್ಲಿಯೂ ಕಬ್ಬು ಕಡಿಯಲು ಆಳು ಬೇಕು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ನಿಲ್ಲುವುದೇ ಇಲ್ಲ. ಎರಡು ತೊಟ್ಟಿಗಳ ನೀರಿನ ಮಟ್ಟ ಬೇರೆಯಿದ್ದರೆ ಕೊಳವೆಯಲ್ಲಿ ನೀರು ಹರಿಯುವಂತೆ, ಕೆಲಸವಿಲ್ಲದ ಕಡೆಯಿಂದ ಇರುವ ಕಡೆಗೆ ಜನ ಹರಿಯುತ್ತಾರೆ.

ಆದರೆ ಈ ಹೋಲಿಕೆಯು ಅರ್ಧದಷ್ಟು ಮಾತ್ರ ಸರಿ. ಮಟ್ಟ ಸಮವಾದೊಡನೆ ನೀರಿನ ಹರಿವು ನಿಲ್ಲುತ್ತದೆ, ಗುಳೆ ನಿಲ್ಲುವುದಿಲ್ಲ. ಇದಕ್ಕೆ ಕಾರಣವು ಮುಂಗಡ. ಕೈ ಬರಿದಾದ ದಿನಗಳಲ್ಲಿ ಮೇಸ್ತ್ರಿಯು ಕುಟುಂಬಕ್ಕೆ ಹಣ ಕೊಡುತ್ತಾನೆ. ಅದನ್ನು ದುಡಿದು ತೀರಿಸಬೇಕು. ತಿಳಿಯುವುದಕ್ಕಾಗಿ ಒಂದು ಲೆಕ್ಕವನ್ನು ಮಾಡೋಣ, ಸಂಖ್ಯೆಗಳು ಕಲ್ಪಿತವಾದವು. ಗಂಡ ಹೆಂಡತಿ 60,000 ರೂಪಾಯಿ ಮುಂಗಡ ಪಡೆದರೆನ್ನೋಣ. ದಿನಕ್ಕೆ ಇಬ್ಬರೂ ಕೂಡಿ 2 ಟನ್ ಕಬ್ಬು ಕಡಿದು, ಟನ್ನಿಗೆ 300ರಂತೆ 600 ರೂಪಾಯಿ ಗಳಿಸುತ್ತಾರೆ. ಊಟ, ಔಷಧಗಳಿಗೆ 250 ಹೋದರೆ ಉಳಿಯುವುದು 350. ಹಂಗಾಮಿನ 150 ದಿನಗಳಲ್ಲಿ ತೀರುವುದು 52,500. ಒಂದು ದಿನವೂ ತಪ್ಪದೆ ದುಡಿದರೂ 7,500 ರೂಪಾಯಿ ಸಾಲ ಉಳಿಯಿತು. ಹತ್ತು ದಿನ ಇಬ್ಬರೂ ಜ್ವರದಲ್ಲಿ ಮಲಗಿದರೆ ಗಳಿಕೆಯಲ್ಲಿ ಮತ್ತೆ 6,000 ಖೋತಾ, ಸಾಲ 13,500. ಮುಂದಿನ ವರ್ಷ ಬೇರೆ ದಾರಿ ಹುಡುಕಲು ಆ ಕುಟುಂಬಕ್ಕೆ ಸ್ವಾತಂತ್ರ್ಯವೆಲ್ಲಿದೆ? ನೀರು ಒಂದೇ ದಿಕ್ಕಿಗೆ ಹೋಗುವಂತೆ ಮಾಡುವ ಕವಾಟದಂತೆ ಮುಂಗಡವು ಕೆಲಸ ಮಾಡುತ್ತದೆ.

ಜೀತವನ್ನು 1976ರ ಕಾಯಿದೆಯು ನಿಷೇಧಿಸಿತು. ವಲಸೆ ಕಾರ್ಮಿಕರಿಗಾಗಿಯೇ 1979ರಲ್ಲಿ ಒಂದು ಕಾಯಿದೆ ಬಂದಿತಾದರೂ ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುವಂತೆ ರಚಿತವಾಗಿತ್ತು. ಕೂಡ್ಲಿಗಿಯಿಂದ ಮಂಡ್ಯಕ್ಕೆ ಹೋದವನು ನೂರಾರು ಕಿಲೋಮೀಟರು ದೂರ ಹೋದರೂ ಗಡಿ ದಾಟಿರಲಿಲ್ಲ! 2005ರ ಉದ್ಯೋಗ ಖಾತರಿ ಕಾಯಿದೆಯು ಊರಿನಲ್ಲಿಯೇ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕೊಟ್ಟಿತು. ಆದರೆ ಹಸಿದವನಿಗೆ ಕೂಲಿ ವಾರಗಟ್ಟಲೆ ತಡವಾದರೆ, ಇಂದೇ ಮುಂಗಡ ಕೊಡುವ ಮೇಸ್ತ್ರಿಯೇ ಹತ್ತಿರದವನಾಗಿ ತೋರುವುದರಲ್ಲಿ ಆಶ್ಚರ್ಯವೇನು?

ಕಡಲಾಚೆಯ ಹೋಲಿಕೆ

ಇಂತಹ ಸ್ಥಿತಿಯು ನಮ್ಮಲ್ಲಿ ಮಾತ್ರವೇ ಇರುವುದಲ್ಲ. ಎರಡನೆಯ ಮಹಾಯುದ್ಧದ ಬಳಿಕ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಆಳು ಸಾಲದಾದಾಗ ಸಮೋವಾ, ಟೊಂಗಾ, ಕುಕ್ ದ್ವೀಪಗಳು, ನಿಯುವೆ ಮೊದಲಾದ ಶಾಂತಸಾಗರದ ದ್ವೀಪಗಳ ಜನರು ಅಲ್ಲಿಗೆ ಬಂದರು. 1973ರ ತೈಲಸಂಕಟದ ಅನಂತರ ಉದ್ಯೋಗವು ಕುಗ್ಗಿತು. ಅದುವರೆಗೆ ಬೇಕಾಗಿದ್ದವರೇ ಆಗ ಬೇಡವಾದರು. ಅವಧಿ ಮೀರಿ ಉಳಿದವರಲ್ಲಿ ಯೂರೋಪಿನವರೂ ಇದ್ದರು. ಆದರೆ ಪೊಲೀಸರು ನಸುಕಿನಲ್ಲಿ ಬಾಗಿಲು ತಟ್ಟಿದುದು ಮುಖ್ಯವಾಗಿ ದ್ವೀಪವಾಸಿಗಳ ಮನೆಗಳನ್ನು. ಆ ದೇಶದ ಸರಕಾರವು ಇದಕ್ಕಾಗಿ 2021ರ ಆಗಸ್ಟ್ 1ರಂದು ವಿಧ್ಯುಕ್ತವಾಗಿ ಕ್ಷಮೆ ಯಾಚಿಸಿತು. 2023ರ ಅಲ್ಲಿನ ಜನಗಣತಿಯಲ್ಲಿ ಈ ಜನರ ಸಂಖ್ಯೆಯು ನಾಲ್ಕು ಲಕ್ಷ ನಲವತ್ತು ಸಾವಿರವನ್ನು ಮೀರಿತ್ತು.

ದ್ವೀಪವಾಸಿಗಳು ಕಡಲು ದಾಟಿ ನೆಲೆಸಿದರು. ನಮ್ಮವರು ವರ್ಷವರ್ಷವೂ ಹೋಗಿ ಹಿಂದಿರುಗುತ್ತಾರೆ. ವ್ಯತ್ಯಾಸವು ದೊಡ್ಡದೇ. ಆದರೆ ದುಡಿಮೆ ಬೇಕಾದಾಗ ಕರೆದು, ಬೇಡವಾದಾಗ ಸಂಶಯದಿಂದ ನೋಡುವ ರೀತಿಯು ಎರಡೂ ಕಡೆ ಒಂದೇ.

ಮಕ್ಕಳ ಪಾಲು

ಗುಳೆಯ ಅತ್ಯಂತ ದೊಡ್ಡ ನಷ್ಟವು ರೂಪಾಯಿಯಲ್ಲಿ ಅಳೆಯತಕ್ಕದ್ದಲ್ಲ. ಶಾಲೆ ಆರಂಭವಾಗುವುದು ಜೂನ್ ಸುಮಾರಿಗೆ. ಕುಟುಂಬವು ಹೊರಡುವುದು ನವೆಂಬರಿನಲ್ಲಿ, ಹಿಂದಿರುಗುವುದು ಯುಗಾದಿಯ ಹೊತ್ತಿಗೆ ಅಥವಾ ಅದಕ್ಕೂ ತಡವಾಗಿ. ಜೊತೆಗೆ ಹೋದ ಮಗುವು ಪ್ರತಿ ವರ್ಷವೂ ಪಾಠದ ಅರ್ಧವನ್ನು ಕಳೆದುಕೊಳ್ಳುತ್ತದೆ. ಗಣಿತದಲ್ಲಿ ಮುಂದಿನ ಮೆಟ್ಟಿಲು ಹಿಂದಿನದರ ಮೇಲೆ ನಿಂತಿರುವುದರಿಂದ ಈ ನಷ್ಟವು ಕೂಡುತ್ತ ಹೋಗುವುದಲ್ಲದೆ ಗುಣಿಸುತ್ತಲೂ ಹೋಗುತ್ತದೆ. ಮನೆಯಲ್ಲಿ ಲಂಬಾಣಿಯನ್ನಾಡುವ ಮಗುವಿಗೆ ಶಾಲೆಯ ಕನ್ನಡವೂ ಹೊಸತು. ಹಿರಿಯ ಮಗಳಾದರೆ ಹೊಲದ ಬದುವಿನಲ್ಲಿ ತಮ್ಮನನ್ನು ಆಡಿಸುವ ಹೊಣೆ ಅವಳದೇ. ತಂದೆತಾಯಿಗಳು ದೂರವಿರುವಾಗ ಮಕ್ಕಳು ಊರಿನಲ್ಲಿಯೇ ಉಳಿದು ಓದಲೆಂದು ತೆರೆಯುವ ಋತುಮಾನದ ವಸತಿಶಾಲೆಗಳು ಈ ಕಾರಣದಿಂದಲೇ ಅತ್ಯಗತ್ಯ. ಅವು ಹಬ್ಬದ ಮರುವಾರವೇ ತೆರೆಯಬೇಕು. ಲಾರಿ ಹೊರಟ ಮೇಲೆ ತೆರೆದರೆ ಫಲವಿಲ್ಲ.

ಮಾರ್ಗಗಳು ಇಲ್ಲದಿಲ್ಲ. 2009ರಲ್ಲಿ ಕರ್ನಾಟಕ ತಾಂಡಾ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕಾರ್ಯವೂ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು. ಮನೆಯ ಅಡಿಯ ನೆಲವು ತನ್ನದೆಂಬ ಪತ್ರವಿದ್ದವನಿಗೆ ಬ್ಯಾಂಕಿನ ಸಾಲ ದೊರೆಯುವ ಸಂಭವವುಂಟು. ಬ್ಯಾಂಕಿನ ಸಾಲ ದೊರೆತವನಿಗೆ ಮೇಸ್ತ್ರಿಯ ಮುಂಗಡವು ಅನಿವಾರ್ಯವಲ್ಲ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು, ಹೆಂಗಸರ ಸೂಜಿಯ ಕೆಲಸವು ಮಾರುಕಟ್ಟೆಯನ್ನು ಕಂಡಿದೆ.

ಈ ತಾಲ್ಲೂಕುಗಳ ಪ್ರೌಢಶಾಲೆ, ಕಾಲೇಜುಗಳಲ್ಲಿ ಈ ಲೇಖನವನ್ನು ಓದುವವರಲ್ಲಿ ತಾಂಡಾದಿಂದ ಬಂದವರೂ ಇರುತ್ತಾರೆ; ಅವರಿಗೆ ಇಲ್ಲಿ ಹೊಸತೇನೂ ಇರಲಾರದು. ಉಳಿದ ವಿದ್ಯಾರ್ಥಿಗಳು ಒಂದು ಕೆಲಸವನ್ನು ಮಾಡಬಹುದು. ದೀಪಾವಳಿಗೆ ಮೊದಲು ನಿಮ್ಮ ಊರಿನ ಶಾಲೆಯ ಹಾಜರಿಯನ್ನು ಗುರುಗಳ ನೆರವಿನಿಂದ ಎಣಿಸಿರಿ. ಡಿಸೆಂಬರಿನಲ್ಲಿ ಮತ್ತೊಮ್ಮೆ ಎಣಿಸಿರಿ. ಎರಡರ ವ್ಯತ್ಯಾಸವನ್ನು ಬರೆದು ಗ್ರಾಮ ಪಂಚಾಯತಿಗೆ ಕೊಡಿರಿ. ಅಳೆಯುವುದೇ ವಿಜ್ಞಾನದ ಮೊದಲ ಹೆಜ್ಜೆ. ಕಾಣೆಯಾದ ಮಕ್ಕಳ ಎಣಿಕೆಯು ಪಂಚಾಯತಿಯ ಮೇಜಿನ ಮೇಲಿದ್ದರೆ, ವಸತಿಶಾಲೆಯನ್ನು ಸಕಾಲಕ್ಕೆ ತೆರೆಯಿರೆಂದು ಕೇಳುವುದಕ್ಕೆ ಆಧಾರವೊಂದು ದೊರೆತಂತಾಗುತ್ತದೆ.