ಆಯ್ಕೆಗೆ ಬೆಲೆ ಬರುವುದು ನೆನಪಿನಿಂದ

ವಿಡಿಯೊ ಗೇಮ್ ಎಂದೊಡನೆ ನಮ್ಮ ತಲೆಮಾರಿನ ಅನೇಕರು ಮೂಗು ಮುರಿಯುತ್ತಾರೆ. ಆದರೆ ಒಬ್ಬಿಬ್ಬರೇ ಸೇರಿ ರೂಪಿಸುವ ಪುಟ್ಟ ಪಾತ್ರಾಭಿನಯದ ಆಟಗಳಿಗೆ ಕಥೆ ಬರೆಯುವವರ ಸಮಸ್ಯೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಚಿರಪರಿಚಿತವಾದುದು: ಸಂಪನ್ಮೂಲ ಸೀಮಿತ, ಬೇಡಿಕೆ ಅಪರಿಮಿತ.

ಇಂಥ ಆಟಗಳಲ್ಲಿ ಆಟಗಾರನೇ ಕಥಾನಾಯಕ. ಎದುರಾಳಿಯನ್ನು ಕ್ಷಮಿಸಬೇಕೆ, ಕೊಲ್ಲಬೇಕೆ ಎಂಬ ಪ್ರಶ್ನೆ ಬಂದಲ್ಲಿ ಕಥೆ ಎರಡಾಗಿ ಕವಲೊಡೆಯುತ್ತದೆ. ಪ್ರತಿ ಕವಲೂ ಹೀಗೆಯೇ ಒಡೆಯುತ್ತ ಹೋದರೆ 10 ಆಯ್ಕೆಗಳಿಗೆ 1,024 ಅಂತ್ಯಗಳನ್ನು ಬರೆಯಬೇಕು; 20 ಆಯ್ಕೆಗಳಿಗೆ ಆ ಸಂಖ್ಯೆ 10 ಲಕ್ಷವನ್ನು ಮೀರುತ್ತದೆ. ಯಾವ ಲೇಖಕನ ಆಯುಷ್ಯವೂ ಇದಕ್ಕೆ ಸಾಲದು. ಆದಕಾರಣ ಅನುಭವಿಗಳು ಕವಲುಗಳನ್ನು ಸ್ವಲ್ಪ ದೂರ ಹರಿಯಬಿಟ್ಟು ಮತ್ತೆ ಮುಖ್ಯ ಪ್ರವಾಹಕ್ಕೆ ಸೇರಿಸುತ್ತಾರೆ. ಆದರೆ ಆಟಗಾರ ಮಾಡಿದ್ದು ಮರೆಯಾಗುವುದಿಲ್ಲ. ಆಟ ಅದನ್ನು ದಾಖಲಿಸಿಟ್ಟುಕೊಂಡಿರುತ್ತದೆ. ಮುಂದೆಲ್ಲೋ ಒಂದು ಪಾತ್ರದ ಮಾತು ಅದಕ್ಕನುಗುಣವಾಗಿ ಬದಲಾಗುತ್ತದೆ.

ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ ಇದಕ್ಕೆ ಉತ್ತಮ ನಿದರ್ಶನ. ಕಥೆ, ಸಂಗೀತಗಳೆರಡೂ ಅವರವೇ. ಯಾರನ್ನೂ ಕೊಲ್ಲದೆ ಈ ಆಟವನ್ನು ಮುಗಿಸಬಹುದು. ಆರಂಭದಲ್ಲಿ ತಾಯಿಯಂತೆ ಸಲಹುವ ಟೋರಿಯಲ್ ಎಂಬ ಪಾತ್ರವನ್ನು ಕೊಂದು, ಮನಸ್ಸು ಕಲಕಿ, ಹಿಂದಿನ ಹಂತಕ್ಕೆ ಮರಳಿ ಆಕೆಯನ್ನು ಉಳಿಸಿಕೊಂಡವರಿದ್ದಾರೆ. ಆದರೆ ಫ್ಲೋವಿ ಎಂಬ ಮಾತನಾಡುವ ಹೂವು ಆ ಕೊಲೆಯನ್ನು ಮರೆಯದೆ ಎತ್ತಿ ಚುಚ್ಚುತ್ತದೆ. ಲೇಖಕನಿಗೆ ಇದರ ವೆಚ್ಚ ಕೆಲವೇ ಸಾಲುಗಳು. ಆಟಗಾರನ ಅಂತಃಸಾಕ್ಷಿಯ ಮೇಲೆ ಆಗುವ ಪರಿಣಾಮ ಅಗಾಧ.

ಇದಕ್ಕೆ ವ್ಯತಿರಿಕ್ತವಾಗಿ, ಹೌದೆಂದರೂ ಅಲ್ಲವೆಂದರೂ ಒಂದೇ ಉತ್ತರ ನೀಡುವ ಆಟಗಳೂ ಇವೆ. ಎರಡನೆಯ ಸಲ ಆಡುವಾಗ ಗುಟ್ಟು ರಟ್ಟಾಗುತ್ತದೆ. ಅಲ್ಲಿಂದಾಚೆಗೆ ಕಥೆ ಕೇಳುವ ಯಾವ ಪ್ರಶ್ನೆಯನ್ನೂ ಆಟಗಾರ ಗಂಭೀರವಾಗಿ ಪರಿಗಣಿಸುವುದಿಲ್ಲ.

ಆಡಳಿತದಲ್ಲಿ ಬಹುಕಾಲ ಕಳೆದ ನನಗೆ ಇದು ಕೇವಲ ಆಟದ ಮಾತಾಗಿ ಕಾಣುವುದಿಲ್ಲ. ತೀರ್ಮಾನವನ್ನು ಮೊದಲೇ ಕೈಗೊಂಡು ಬಳಿಕ ಸಾರ್ವಜನಿಕ ಅಹವಾಲು ಸಭೆ ಕರೆಯುವುದು ಇದೇ ಬಗೆಯ ಹುಸಿ ಆಯ್ಕೆಯಲ್ಲವೆ? ಜನ ಕೇಳಿದ್ದನ್ನೆಲ್ಲ ಕೊಡಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಎಲ್ಲ ಕವಲುಗಳನ್ನೂ ಬರೆಯಲು ಯಾವ ಲೇಖಕನಿಗೂ ಸಾಧ್ಯವಿಲ್ಲ. ಆದರೆ ಹೇಳಿದ ಮಾತು ಎಲ್ಲೋ ಒಂದೆಡೆ ದಾಖಲಾಗಿದೆ, ಅದರಿಂದ ಏನೋ ಒಂದು ಬದಲಾಗಿದೆ ಎಂದು ಮನಗಂಡಾಗ ಜನ ಮತ್ತೊಮ್ಮೆ ಸಭೆಗೆ ಬರುತ್ತಾರೆ. ಇಲ್ಲವಾದರೆ ಮುಂದಿನ ಸಭೆಯಲ್ಲಿ ಖಾಲಿ ಕುರ್ಚಿಗಳೇ ಉತ್ತರಿಸುತ್ತವೆ.