ಮುಖದ ಮೇಲಿನ ರಕ್ತನಾಳದ ಗಂಟು

ಅಡಿಕೆಯ ಧಾರಣೆ ಬರೆಯುವ ಪುಟದಲ್ಲಿ ರೋಗದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಹಾನಗಲ್ಲ ಕಡೆಯ ನಮ್ಮ ಸದಸ್ಯರೊಬ್ಬರ ಮಗಳಿಗೆ ಕೆನ್ನೆಯ ಮೇಲೆ ಹುಟ್ಟಿನಿಂದ ಬಂದ ಕೆಂಪು ಮಚ್ಚೆಯಿತ್ತು. ಮೈನೆರೆದ ಮೇಲೆ ಅದು ಗಂಟಾಗಿ ಬೆಳೆಯಿತು. ಗ್ರಹಣದ ದೋಷವೆಂದರು, ಸೊಪ್ಪಿನ ಲೇಪ ಹಚ್ಚಿದರು, ಕೊನೆಗೆ ಬರೆಯನ್ನೂ ಹಾಕಿಸಿದರು. ಒಂದು ರಾತ್ರಿ ಅದರಿಂದ ರಕ್ತ ಸುರಿದಾಗ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಓಡಿದರು. ಮುಂದೆ ಬೆಂಗಳೂರಿಗೆ ನಾವೂ ಜೊತೆಗೆ ಹೋಗಿದ್ದೆವು. ಅಲ್ಲಿ ತಿಳಿದದ್ದನ್ನು ಬರೆಯುತ್ತಿದ್ದೇವೆ.

ಇಂಥ ಮಚ್ಚೆಗಳೆಲ್ಲ ಒಂದೇ ಜಾತಿಯವಲ್ಲ. 1982ರಲ್ಲಿ ಅಮೆರಿಕದ ಮುಲ್ಲಿಕೆನ್ ಮತ್ತು ಗ್ಲೋವಾಕಿ ಎಂಬ ಸಂಶೋಧಕರು ಇವನ್ನು ಎರಡಾಗಿ ಬೇರ್ಪಡಿಸಿದರು. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು ಬೇಗ ಬೆಳೆದು, ವರ್ಷಗಳಲ್ಲಿ ತಾನಾಗಿ ಕುಗ್ಗುವುದು ಹಿಮ್ಯಾಂಜಿಯೋಮ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಎಂಬ ಹಳೆಯ ಔಷಧಿ ಇದಕ್ಕೆ ನಾಟುತ್ತದೆಂದು 2008ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದರು. ಎರಡನೆಯದು ರಕ್ತನಾಳದ ರಚನೆಯಲ್ಲಿಯೇ ಇರುವ ದೋಷ. ಅದು ಮಗುವಿನೊಡನೆ ಬೆಳೆಯುತ್ತದೆ, ಕುಗ್ಗುವುದಿಲ್ಲ.

ಇದರಲ್ಲಿ ಕಠಿಣವಾದದ್ದು, ಶುದ್ಧರಕ್ತದ ನಾಳವು ನೇರವಾಗಿ ಅಶುದ್ಧರಕ್ತದ ನಾಳಕ್ಕೆ ಕೂಡಿಕೊಂಡಿರುವ ಗಂಟು. ಕೈಯಿಟ್ಟರೆ ಬಿಸಿ, ಒಳಗೆ ಮಿಡಿತ. ಹರೆಯದಲ್ಲಿ, ಬಸಿರಿನಲ್ಲಿ, ಪೆಟ್ಟು ಬಿದ್ದಾಗ ಹಿಗ್ಗುತ್ತದೆ. ಇದಕ್ಕೆ ಬರುವ ದೊಡ್ಡ ನಾಳವನ್ನು ಕತ್ತಿನಲ್ಲಿ ಕಟ್ಟಿಬಿಟ್ಟರಾಯಿತಲ್ಲ ಎಂದು ನಾವು ಕೇಳಿದೆವು. ವೈದ್ಯರು ನಕ್ಕರು. ತೋಟದವರಿಗೆ ಇದನ್ನು ಹೇಳಬೇಕಿಲ್ಲ: ಕಾಲುವೆಯ ಬಾಯಿ ಕಟ್ಟಿದರೆ ತಗ್ಗಿನ ಕಡೆಗೆ ನೀರು ಹತ್ತು ಕಡೆ ದಾರಿ ಮಾಡಿಕೊಂಡು ಬರುತ್ತದೆ. ಮೇಲಾಗಿ, ಔಷಧಿ ಒಯ್ಯಬೇಕಾದ ದಾರಿಯೇ ಮುಚ್ಚಿಹೋಗುತ್ತದೆ.

ಆದ್ದರಿಂದ ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಎಕ್ಸ್-ರೇ ಪರದೆಯಲ್ಲಿ ನೋಡುತ್ತ ಕೆನ್ನೆಯವರೆಗೆ ಒಯ್ದು, ಗಂಟಿನ ಒಡಲಿಗೇ ಅಂಟಿನಂಥ ದ್ರವ ತುಂಬುತ್ತಾರೆ. ಇದೇ ಎಂಬೊಲೈಸೇಶನ್. ಬಳಿಕ ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನಗಳೊಳಗೆ, ಹೊಸ ದಾರಿ ತೆರೆಯುವ ಮುನ್ನ ಗಂಟನ್ನು ಕೊಯ್ದು ತೆಗೆಯುತ್ತಾರೆ. ರಕ್ತ ಹೋಗುವುದು ಬಹಳ ಕಡಿಮೆಯಾಗುತ್ತದೆ. ಅಪಾಯವಿಲ್ಲವೆಂದಲ್ಲ. ಅಂಟು ದಾರಿ ತಪ್ಪಿದರೆ ಕಣ್ಣು ಹೋಗಬಹುದು, ಪಾರ್ಶ್ವವಾಯು ಬಡಿಯಬಹುದು. ಚರ್ಮ ಕೊಳೆಯುವುದೂ ಉಂಟು. ಸ್ವಲ್ಪ ಉಳಿದರೂ ಮತ್ತೆ ಚಿಗುರುತ್ತದೆ.

ಒಂದು ಎಚ್ಚರಿಕೆ: ದವಡೆಯೊಳಗೆ ಇಂಥ ಗಂಟಿದ್ದು, ಅದು ತಿಳಿಯದೆ ಹಲ್ಲು ಕೀಳಿಸಿದರೆ ರಕ್ತ ನಿಲ್ಲದೆ ಪ್ರಾಣವೇ ಹೋಗಬಹುದು. ಒಸಡಿನಲ್ಲಿ ಮಿಡಿತವಿದ್ದರೆ, ಕಾರಣವಿಲ್ಲದೆ ರಕ್ತ ಜಿನುಗುತ್ತಿದ್ದರೆ ಹಲ್ಲಿನ ಡಾಕ್ಟರರಿಗೆ ಮೊದಲೇ ಹೇಳಬೇಕು.

ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆಯವರು ಮೊದಲು ತಾಲೂಕಾ ಆಸ್ಪತ್ರೆಯಲ್ಲಿ ತೋರಿಸಿ ಶಿಫಾರಸು ಪತ್ರ ಪಡೆಯಲಿ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ರಕ್ತನಾಳದೊಳಗಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವುಂಟು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆ ಎಷ್ಟು ಸಿಗುತ್ತದೆಂದು ಹೊರಡುವ ಮುಂಚೆಯೇ ವಿಚಾರಿಸಬೇಕು. ಕಾಗದಪತ್ರ ಬರೆಯಲು ಸಂಘದ ಕಚೇರಿಗೆ ಬಂದರೆ ನಾವಿದ್ದೇವೆ.

ಆ ಹುಡುಗಿಯ ಕೆನ್ನೆಯಲ್ಲಿ ಈಗ ಒಂದು ಗೆರೆ ಉಳಿದಿದೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿಬರುತ್ತಾಳೆ. ಕಳೆದ ಕೊಯ್ಲಿನಲ್ಲಿ ತಂದೆಯ ಅಡಿಕೆ ಮೂಟೆಗಳೊಂದಿಗೆ ಅವಳೇ ಬಂದು, ತಲೆಯ ಮೇಲಿನ ಸೆರಗನ್ನು ಕೆನ್ನೆಗೆ ಎಳೆದುಕೊಳ್ಳದೆ ನಿಂತು, ನಮ್ಮ ತೂಕದಲ್ಲಿ ಅರ್ಧ ಕಿಲೋ ತಪ್ಪು ಹಿಡಿದಳು.